ಎಲುಬುಗೂಡಿಗೂ ಒಂದು ಕೆಲಸ ಬೇಕು

ಕೋಣೆಯ ನಡುವೆ ಒಂದು ಒಲೆ ಇದೆ. ಚಳಿದೇಶದವರು ಮೈ ಕಾಯಿಸಿಕೊಳ್ಳಲು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಅದರ ಸುತ್ತ ಕೆಲವರು ಸೇರಿದ್ದಾರೆ. ಬಟ್ಟೆಯೆಲ್ಲ ತೊಟ್ಟಿದ್ದಾರೆ, ಬಟ್ಟೆಯೊಳಗೆ ಮೈ ಮಾತ್ರ ಇಲ್ಲ. ಬರೀ ಮೂಳೆ. ಪಕ್ಕದಲ್ಲಿ ಒಂದು ಪಿಟೀಲು, ಬಣ್ಣ ಕಲಸುವ ಹಲಗೆ, ಒಂದು ದೀಪ ಬಿದ್ದಿವೆ. ಒಲೆಯ ಮೇಲೆ ಫ್ರೆಂಚಿನಲ್ಲಿ ಬರೆದಿದೆ: ‘ಬೆಂಕಿ ಇಲ್ಲ. ನಾಳೆ ಸಿಗುತ್ತಾ ನಿಮಗೆ?’

ಇದು ಬೆಲ್ಜಿಯಂನ ಜೇಮ್ಸ್ ಎನ್ಸರ್ 1889ರಲ್ಲಿ ಬರೆದ ಚಿತ್ರ. ಈಗ ಅಮೆರಿಕದ ಟೆಕ್ಸಾಸಿನಲ್ಲಿ, ಫೋರ್ಟ್ ವರ್ತ್ ಊರಿನ ಕಿಂಬೆಲ್ ಮ್ಯೂಸಿಯಮ್ಮಿನಲ್ಲಿದೆ. ನಾನು ನೋಡಿರುವುದು ಕಂಪ್ಯೂಟರಿನಲ್ಲೇ. ಆದರೆ ಬೇಕಾದಷ್ಟು ದೊಡ್ಡದು ಮಾಡಿಕೊಂಡು, ಮೂಲೆ ಮೂಲೆ ಬಿಡದೆ ನೋಡಿದ್ದೇನೆ. ಪ್ರತಿ ಸಲವೂ ಮೊದಲು ನಗು ಬರುತ್ತದೆ. ಸತ್ತವರಿಗೆ ಎಂಥಾ ಚಳಿ ಮಾರಾಯ, ಚರ್ಮವೇ ಇಲ್ಲ ನಿಮಗೆ ಅಂತ. ಆಮೇಲೆ ಆ ಬರಹ ಓದಿದಾಗ ನಗು ಅರ್ಧಕ್ಕೇ ನಿಂತುಬಿಡುತ್ತದೆ. ಪಾಪ, ಇವರು ಬಂದು ಎಷ್ಟು ಹೊತ್ತಾಯಿತೋ. ಒಬ್ಬರಾದರೂ ಎದ್ದು ಹೋಗಿಲ್ಲ. ನಾಳೆಯವರೆಗೆ ಕಾದರೂ ಕಾದಾರು.

ಎಲುಬುಗೂಡಿನ ಚಿತ್ರಗಳ ಹುಚ್ಚು ನನಗೆ ಹತ್ತಿದ್ದು ಇಲ್ಲಿಂದ. ಹುಡುಕುತ್ತಾ ಹೋದಂತೆ ನನ್ನದೇ ಒಂದು ಲೆಕ್ಕಾಚಾರ ಹುಟ್ಟಿತು. ಬುರುಡೆ ನಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅದು ನಗುವುದಿಲ್ಲ. ತುಟಿ ಇಲ್ಲ, ಹಲ್ಲು ಆಚೆಗಿದೆ, ಅಷ್ಟೇ. ಹಾಗೆ ನೋಡಿದರೆ ಎಲ್ಲ ಬುರುಡೆಗಳದ್ದೂ ಒಂದೇ ನಗು. ಹಾಗಿದ್ದೂ ಕೆಲವು ಎಲುಬುಗೂಡುಗಳನ್ನು ನೋಡಿದರೆ ಹೊಟ್ಟೆ ಹಿಡಿದು ನಗುತ್ತೇವೆ, ಕೆಲವನ್ನು ನೋಡಿದರೆ ಎದೆ ಭಾರವಾಗುತ್ತದೆ. ವ್ಯತ್ಯಾಸ ಮುಖದಲ್ಲಿಲ್ಲ, ಕೈಯಲ್ಲಿದೆ. ಚಿತ್ರಕಾರ ಅದಕ್ಕೊಂದು ಕೆಲಸ ಕೊಟ್ಟಿದ್ದರೆ ನಗು. ಸುಮ್ನೆ ಕೂರಿಸಿಬಿಟ್ಟರೆ ಒಂಟಿತನ. ಎನ್ಸರ್ ಮಾಡಿದ ತುಂಟತನ ಏನೆಂದರೆ, ಮೈ ಕಾಯಿಸುವ ಕೆಲಸ ಕೊಟ್ಟು ಬೆಂಕಿಯನ್ನೇ ಕಿತ್ತುಕೊಂಡ. ಅದಕ್ಕೇ ಎರಡೂ ಒಟ್ಟಿಗೇ ಆಗುವುದು.

ಎನ್ಸರ್ ಹುಟ್ಟಿದ್ದು 1860ರಲ್ಲಿ, ಆಸ್ಟೆಂಡ್ ಅನ್ನುವ ಕಡಲ ಊರಿನಲ್ಲಿ. ಮನೆಯವರದ್ದೊಂದು ಅಂಗಡಿ. ಬೇಸಿಗೆಗೆ ಬರುವ ಪ್ರವಾಸಿಗಳಿಗೆ ಚಿಪ್ಪು, ಶಂಖ, ಹಬ್ಬದ ಮುಖವಾಡ ಮಾರುತ್ತಿದ್ದರು. ಅಂಗಡಿಯ ಮೇಲಿನ ಅಟ್ಟದಲ್ಲಿ ಇವನ ಚಿತ್ರಶಾಲೆ. ಆ ಊರಿಗೆ 1601ರಿಂದ 1604ರವರೆಗೆ ಸ್ಪ್ಯಾನಿಷ್ ಸೈನ್ಯ ಮುತ್ತಿಗೆ ಹಾಕಿತ್ತು. ಸಾವಿರಾರು ಜನ ಸತ್ತರು. ಎನ್ಸರನ ಕಾಲದಲ್ಲೂ ಕಟ್ಟಡಕ್ಕೆ ಪಾಯ ತೆಗೆದರೆ ಆ ಹೆಣಗಳ ಮೂಳೆ ಸಿಗುತ್ತಿದ್ದವಂತೆ. ಕೆಳಗೆ ಮುಖವಾಡ, ಮಣ್ಣಲ್ಲಿ ಮೂಳೆ. ಇನ್ನೇನು ಬರೆಯುತ್ತಾನೆ ಪಾಪ?

ಅವನು ತನ್ನನ್ನೂ ಬಿಡಲಿಲ್ಲ. 1888ರಲ್ಲಿ ಅಂಗೈಯಗಲದ ಒಂದು ಅಚ್ಚುಚಿತ್ರ ಮಾಡಿದ. ಅದರಲ್ಲಿ ಒಂದು ಎಲುಬುಗೂಡು ಮಲಗಿದೆ. ಹೆಸರು ‘1960ರಲ್ಲಿ ನಾನು’ ಅನ್ನುವ ಅರ್ಥದ್ದು. ಅಂದರೆ ತನಗೆ ನೂರು ತುಂಬಿದಾಗ ತಾನು ಹೇಗಿರುತ್ತೇನೆ ಅಂತ ಮೊದಲೇ ಬರೆದಿಟ್ಟ. ಆಗಿನ್ನೂ ಇಪ್ಪತ್ತೆಂಟರ ಹುಡುಗ. ವಿಮರ್ಶಕರು ಅವನನ್ನು ಚೆನ್ನಾಗಿ ಹುರಿದು ಮುಕ್ಕಿದ್ದರು. ಅದಕ್ಕೂ ಸೇಡು ತೀರಿಸಿಕೊಂಡ. 1891ರ ಒಂದು ಪುಟ್ಟ ಚಿತ್ರದಲ್ಲಿ ಎರಡು ಎಲುಬುಗೂಡುಗಳು ಒಂದು ಒಣಮೀನಿನ ಎರಡು ತುದಿಯನ್ನು ಹಲ್ಲಲ್ಲಿ ಕಚ್ಚಿ ಜಗ್ಗಾಡುತ್ತಿವೆ. ಆ ಮೀನು ಎನ್ಸರ್, ಜಗ್ಗುವವರು ವಿಮರ್ಶಕರು ಅಂತ ಹೇಳುತ್ತಾರೆ. ಒಂದರ ತಲೆ ಮೇಲೆ ತುಪ್ಪಳದ ದೊಡ್ಡ ಟೋಪಿ ಬೇರೆ. ಮೀನು ತಿಂದರೂ ಅದು ಹೋಗುವುದಾದರೂ ಎಲ್ಲಿಗೆ? ಹೊಟ್ಟೆಯೇ ಇಲ್ಲವಲ್ಲ! ಆದರೂ ಜಗಳ ಮಾತ್ರ ಜೋರು. ವಿಮರ್ಶಕರ ಬಗ್ಗೆ ಇದಕ್ಕಿಂತ ಒಳ್ಳೆ ಚಿತ್ರ ನಾನು ನೋಡಿಲ್ಲ. ಅಂದಹಾಗೆ ಎನ್ಸರ್ 1949ರವರೆಗೆ ಬದುಕಿದ್ದ. ಅಷ್ಟರಲ್ಲಿ ಬೆಲ್ಜಿಯಂನ ರಾಜ ಅವನಿಗೆ ಬ್ಯಾರನ್ ಪಟ್ಟ ಕೊಟ್ಟೂ ಆಗಿತ್ತು.

ಮೂಳೆಗೆ ಕೆಲಸ ಕೊಡುವ ಚಾಳಿ ಎನ್ಸರನಿಗಿಂತ ತುಂಬಾ ಹಳೆಯದು. ವೆಸೂವಿಯಸ್ ಬೆಂಕಿಬೆಟ್ಟ ಕ್ರಿ.ಶ. 79ರಲ್ಲಿ ಪಾಂಪೆ ಊರನ್ನು ಮುಚ್ಚಿಹಾಕಿತಲ್ಲ, ಅಲ್ಲಿಂದ ಸಿಕ್ಕ ಒಂದು ನೆಲಚಿತ್ರ ನೇಪಲ್ಸಿನ ಮ್ಯೂಸಿಯಮ್ಮಿನಲ್ಲಿದೆ. ಕಪ್ಪುಬಿಳುಪು ಕಲ್ಲಿನ ಚೂರುಗಳಲ್ಲಿ ಮಾಡಿದ್ದು. ಒಂದು ಎಲುಬುಗೂಡು ಎರಡೂ ಕೈಯಲ್ಲಿ ಎರಡು ದ್ರಾಕ್ಷಾರಸದ ಹೂಜಿ ಹಿಡಿದು ನಿಂತಿದೆ. ಅಪ್ಪಟ ಹೋಟೆಲ್ ಸಪ್ಲೈಯರ್. ‘ಏನ್ ಕೊಡ್ಲಿ ಸಾರ್’ ಅನ್ನುವ ಹಾಗೇ ಇದೆ. ಅಲ್ಲೇ ಹತ್ತಿರದ ಬೊಸ್ಕೊರಿಯಾಲೆ ಅನ್ನುವಲ್ಲಿ 1895ರಲ್ಲಿ ಬೆಳ್ಳಿ ಪಾತ್ರೆಗಳ ಒಂದು ನಿಧಿ ಸಿಕ್ಕಿತು. ಅದರಲ್ಲಿದ್ದ ಎರಡು ಲೋಟಗಳ ಮೇಲೆ ಗ್ರೀಕ್ ಕವಿಗಳನ್ನೂ ತತ್ವಜ್ಞಾನಿಗಳನ್ನೂ ಎಲುಬುಗೂಡು ಮಾಡಿ ಕೆತ್ತಿದ್ದಾರೆ. ಯಾರು ಯಾರು ಅಂತ ಗೊತ್ತಾಗಲಿ ಎಂದು ಪಕ್ಕದಲ್ಲಿ ಹೆಸರನ್ನೂ ಬರೆದಿದ್ದಾರೆ. ಎಪಿಕ್ಯೂರಸ್, ಸುಖವೇ ದೊಡ್ಡದು ಅಂದವನು, ಒಂದು ಕಡುಬಿನ ಮೇಲೆ ಕೈ ಹಾಕಿದ್ದಾನೆ. ಕಾಲ ಬಳಿ ಒಂದು ಹಂದಿಮರಿ. ಎದುರಿಗೆ ಜೀನೋ, ಸಂಯಮ ಬೋಧಿಸಿದವನು, ಬೆರಳು ತೋರಿಸಿ ಬಯ್ಯುತ್ತಿದ್ದಾನೆ. ಸತ್ತ ಮೇಲೂ ವಾದ ಮುಗಿದಿಲ್ಲ! ಇಂಥ ಲೋಟದಲ್ಲಿ ಕುಡಿಯುತ್ತಾ ಕೂತ ರೋಮನ್ ಸಾಹುಕಾರ ಯಾರ ಪಕ್ಷ ಅಂತ ಕೇಳಬೇಕಾಗಿಲ್ಲ ಬಿಡಿ.

ಕೆಲಸ ಮಾಡುವ ಮೂಳೆಗಳ ರಾಜ ಅಂದರೆ ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನ್ ಕೆಲಸಕ್ಕೆ ಹಚ್ಚಿದ ಸಾವು. ಆ ಸಾವಿನ ಹಿಂದೆ ಒಂದು ಕಥೆಯಿದೆ. ಯುರೋಪಿನಲ್ಲಿ 1347ರಿಂದ ನಾಲ್ಕೈದು ವರ್ಷ ಪ್ಲೇಗು ಊರೂರನ್ನೇ ಗುಡಿಸಿಹಾಕಿತು. ಆಮೇಲೂ ಅದು ಮತ್ತೆ ಮತ್ತೆ ಬರುತ್ತಲೇ ಇತ್ತು. ಪ್ಯಾರಿಸ್ಸಿನ ನಡುಮಧ್ಯೆ ಹೋಲಿ ಇನೊಸೆಂಟ್ಸ್ ಅನ್ನುವ ಸ್ಮಶಾನವಿತ್ತು. ಹೂಳಲು ಜಾಗ ಸಾಲದೆ ಹಳೆ ಮೂಳೆಗಳನ್ನು ಅಗೆದು ತೆಗೆದು, ಸುತ್ತಲಿನ ಜಗಲಿಗಳ ಮೇಲಿನ ಅಟ್ಟದಲ್ಲಿ ಎಲ್ಲರಿಗೂ ಕಾಣುವ ಹಾಗೆ ಪೇರಿಸಿಡುತ್ತಿದ್ದರು. ಅಲ್ಲಿನ ಗೋಡೆಯ ಮೇಲೆ 1424–25ರಲ್ಲಿ ಒಂದು ಉದ್ದನೆಯ ಚಿತ್ರ ಬರೆಸಿದರು. ಪೋಪ್, ಚಕ್ರವರ್ತಿ, ವ್ಯಾಪಾರಿ, ರೈತ, ಮಗು, ಎಲ್ಲರನ್ನೂ ಒಬ್ಬೊಬ್ಬ ಸತ್ತವನು ಕೈ ಹಿಡಿದು ಕುಣಿಸುತ್ತಾ ಎಳೆದುಕೊಂಡು ಹೋಗುವ ಚಿತ್ರ. ತಲೆಯ ಮೇಲೆ ನಿಜವಾದ ಬುರುಡೆಗಳ ರಾಶಿ, ಕಣ್ಣೆದುರು ಕುಣಿತ. ಆ ಗೋಡೆ 1669ರಲ್ಲಿ ನೆಲಸಮವಾಯಿತು. ಆದರೆ ‘ಸಾವಿನ ಕುಣಿತ’ ಅಷ್ಟರಲ್ಲಿ ಯುರೋಪಿನ ಇಗರ್ಜಿ ಗೋಡೆಗಳ ಮೇಲೆಲ್ಲ ಹಬ್ಬಿತ್ತು.

ಹೋಲ್ಬೈನ್ ಆ ಕುಣಿತವನ್ನು ನಿಲ್ಲಿಸಿದ. ಸಾಲಾಗಿ ಕುಣಿಸುವುದು ಬಿಟ್ಟು, ಸಾವನ್ನು ಒಬ್ಬೊಬ್ಬರ ಮನೆಗೇ ಕಳಿಸಿದ. ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ಕೂತು 1520ರ ದಶಕದಲ್ಲಿ ಬರೆದ ಈ ಚಿತ್ರಗಳು ತುಂಬಾ ಚಿಕ್ಕವು. ಒಂದೊಂದೂ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಅಷ್ಟರಲ್ಲೇ ಮನೆ, ಮೇಜು, ಕಿಟಕಿ, ಬೆಟ್ಟ, ಸೂರ್ಯ ಎಲ್ಲ ಇದೆ.

ಜಿಪುಣನ ಚಿತ್ರ ನನಗೆ ಅಚ್ಚುಮೆಚ್ಚು. ದಪ್ಪ ಸರಳಿನ ಕಿಟಕಿಯ ಕೋಣೆಯಲ್ಲಿ ಅವನು ದುಡ್ಡು ಎಣಿಸುತ್ತಾ ಕೂತಿದ್ದಾನೆ. ಸಾವು ಬಂದಿದೆ. ಆದರೆ ಅವನ ಮೈ ಮುಟ್ಟುತ್ತಿಲ್ಲ! ಮೇಜಿನ ಮೇಲಿನ ನಾಣ್ಯಗಳನ್ನು ಬಾಚಿಕೊಳ್ಳುತ್ತಿದೆ. ಅವನು ಎರಡೂ ಕೈ ಎತ್ತಿ ಬೊಬ್ಬೆ ಹೊಡೆಯುತ್ತಿದ್ದಾನೆ. ಪ್ರಾಣ ತೆಗೆದಿದ್ದರೆ ಇಷ್ಟು ಕೂಗುತ್ತಿದ್ದನೋ ಇಲ್ಲವೋ. ವೈದ್ಯನ ಹತ್ತಿರ ಬರುವಾಗ ಸಾವು ಒಬ್ಬ ಮುದುಕ ರೋಗಿಯನ್ನು ಜೊತೆಗೆ ಕರೆದುಕೊಂಡು, ಮೂತ್ರದ ಸೀಸೆಯನ್ನು ತಾನೇ ಹಿಡಿದುಕೊಂಡು ಬಂದಿದೆ. ‘ಡಾಕ್ಟ್ರೇ, ಇದನ್ನೊಂಚೂರು ನೋಡಿ’ ಅನ್ನುವ ಹಾಗೆ. ಸನ್ಯಾಸಿನಿಯ ಕೋಣೆಯಲ್ಲಿ ಇನ್ನೊಂದು ತಮಾಷೆ. ಆಕೆ ಮೊಣಕಾಲೂರಿ ಪ್ರಾರ್ಥನೆಗೆ ಕೂತಿದ್ದಾಳೆ, ಮುಖ ಮಾತ್ರ ಹಿಂದೆ ಮಂಚದ ಮೇಲೆ ಕೂತು ವೀಣೆಯಂಥ ವಾದ್ಯ ನುಡಿಸುತ್ತಿರುವ ಹುಡುಗನ ಕಡೆಗೆ. ಸಾವು ಮೆಲ್ಲಗೆ ಮೇಣದ ಬತ್ತಿ ಆರಿಸುತ್ತಿದೆ. ಹೋಲ್ಬೈನನ ಸಾವು ಬಿಡುವಿಲ್ಲದ ಆಳು. ಯಾರ ಮನೆಗೆ ಹೋದರೂ ಅಲ್ಲಿನ ಕೆಲಸವನ್ನೇ ಕೈಗೆತ್ತಿಕೊಳ್ಳುತ್ತದೆ.

ಆದರೆ ರೈತನ ಚಿತ್ರದಲ್ಲಿ ನಗು ಬರುವುದಿಲ್ಲ. ಮುದಿ ರೈತ ಹರಕು ಬಟ್ಟೆಯಲ್ಲಿ ನೇಗಿಲು ಹಿಡಿದಿದ್ದಾನೆ. ಕುದುರೆಗಳ ಪಕ್ಕ ಸಾವು ಓಡುತ್ತಾ ಅವನ್ನು ಹೊಡೆಯುತ್ತಿದೆ. ದೂರದಲ್ಲಿ ಇಗರ್ಜಿ, ಅದರ ಹಿಂದೆ ಸೂರ್ಯನ ಕಿರಣ. ಇಲ್ಲಿ ಸಾವು ಅಣಕಿಸುತ್ತಿಲ್ಲ. ದಿನದ ಕೊನೆಯ ಸಾಲನ್ನು ಬೇಗ ಮುಗಿಸಲು ಕೈಜೋಡಿಸಿದೆ. ಆ ಮುದುಕನಿಗೆ ಬದುಕಿಡೀ ಸಿಕ್ಕ ಜೊತೆಯಾಳು ಇವನೊಬ್ಬನೇ ಇರಬೇಕು ಅನ್ನಿಸುತ್ತದೆ. ಇದೇ ಮಗುವಿನ ಚಿತ್ರಕ್ಕೆ ಬಂದರೆ ನೋಡಲಾಗುವುದಿಲ್ಲ. ಮುರುಕಲು ಗುಡಿಸಲು, ತಾಯಿ ಒಲೆ ಮುಂದೆ ಅಡುಗೆ ಮಾಡುತ್ತಿದ್ದಾಳೆ, ಸಾವು ಕೂಸಿನ ಕೈ ಹಿಡಿದು ಬಾಗಿಲಾಚೆ ನಡೆದಿದೆ. ಮಗು ತಿರುಗಿ ನೋಡುತ್ತಿದೆ. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಈ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೊರೆದವನು ಹಾನ್ಸ್ ಲ್ಯುಟ್ಸೆಲ್ಬರ್ಗರ್ ಅನ್ನುವ ಕೆಲಸಗಾರ. ಕೂದಲೆಳೆಯಂಥ ಗೆರೆಗಳನ್ನು ಮರದಲ್ಲಿ ಉಬ್ಬಿಸಿ ಬಿಡುವುದು ಸುಮ್ನೆ ಮಾತಲ್ಲ. ಅವನು 1526ರಲ್ಲಿ, ಕೆಲಸ ಪೂರ್ತಿ ಮುಗಿಯುವ ಮೊದಲೇ ತೀರಿಕೊಂಡ. ಕೊನೆಗೆ 1538ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ 41 ಚಿತ್ರಗಳ ಪುಸ್ತಕವಾಗಿ ಅವು ಹೊರಬಂದವು. ಸಾವಿನ ಚಿತ್ರ ಕೊರೆಯುತ್ತಾ ಕೂತವನನ್ನೇ ಸಾವು ಕರೆದುಕೊಂಡು ಹೋಯಿತು. ಅವನ ಕೋಣೆಗೆ ಬಂದಾಗ ಅದು ಏನು ಮಾಡಿರಬಹುದು? ಉಳಿ ಹರಿತ ಮಾಡಿಕೊಟ್ಟಿತೋ ಏನೋ.

ಇದೇ ಬಾಸೆಲ್ಲಿನಲ್ಲಿ 1543ರಲ್ಲಿ ವೆಸಾಲಿಯಸ್ ಅನ್ನುವ ವೈದ್ಯ ಮನುಷ್ಯ ದೇಹದ ರಚನೆಯ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಮೂಳೆಗಳ ಹೆಸರು ಕಲಿಯಲು ಮಾಡಿದ ಚಿತ್ರಗಳು. ನೇರ ನಿಲ್ಲಿಸಿದ್ದರೆ ಸಾಕಿತ್ತು. ಅದು ಬಿಟ್ಟು, ಒಂದು ಎಲುಬುಗೂಡು ಗೋರಿಯ ಮೇಲೆ ಮೊಣಕೈಯೂರಿ, ಇನ್ನೊಂದು ಬುರುಡೆಯ ಮೇಲೆ ಕೈಯಿಟ್ಟು, ಯೋಚನೆ ಮಾಡುತ್ತಾ ನಿಂತಿದೆ. ಕಾಲಿನ ಮೇಲೆ ಕಾಲು ಹಾಕಿಕೊಂಡಿದೆ. ನನ್ನ ಲೆಕ್ಕಾಚಾರಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮಾಡಲು ಕೆಲಸವಿಲ್ಲ, ಯೋಚನೆಯೊಂದೇ. ಅಷ್ಟಕ್ಕೇ ಅದು ಪ್ರಪಂಚದ ಒಂಟಿ ಜೀವಿಯಾಗಿಬಿಟ್ಟಿದೆ. ಜೀವಿ ಅನ್ನಬಹುದಾ? ಅನ್ನೋಣ.

ನಮ್ಮ ಪಿಯುಸಿ ಬಯಾಲಜಿ ಲ್ಯಾಬಿನಲ್ಲೂ ಒಂದು ಎಲುಬುಗೂಡು ಇತ್ತು. ನೆತ್ತಿಗೆ ಒಂದು ಕೊಕ್ಕೆ ಹಾಕಿ ಸ್ಟ್ಯಾಂಡಿಗೆ ನೇತುಹಾಕಿದ್ದರು. ಕೀಲುಗಳಿಗೆಲ್ಲ ತಂತಿ. ಎಡಗೈಯ ಒಂದು ಬೆರಳಿನ ತುದಿ ಇರಲಿಲ್ಲ. ಹುಡುಗರು ಅದಕ್ಕೆ ‘ರಿಪೀಟರ್’ ಅಂತ ಹೆಸರಿಟ್ಟಿದ್ದರು. ಕಾಲೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಇದ್ದು ಇನ್ನೂ ಪಾಸಾಗದವನು ಅಂತ. ಪರೀಕ್ಷೆ ಮುಗಿದ ದಿನ ಯಾರೋ ಅದರ ತಲೆಗೆ ಹೆಲ್ಮೆಟ್ ಹಾಕಿ, ಕೈಗೆ ಹಾಲ್ ಟಿಕೆಟ್ ಸಿಕ್ಕಿಸಿದ್ದರು. ನಾವೂ ಮೂಳೆಗೆ ಕೆಲಸ ಕೊಟ್ಟವರೇ. ನೇತಾಡುತ್ತಾ ಸುಮ್ಮನಿರುವ ಮನುಷ್ಯಾಕಾರವನ್ನು ನೋಡುತ್ತಾ ಕೂರುವುದು ಹದಿನೇಳರ ವಯಸ್ಸಿಗೆ ಆಗುವ ಮಾತಲ್ಲ.

ತುಂಬಾ ವರ್ಷದ ಮೇಲೆ ಒಂದು ವಿಷಯ ಓದಿದೆ. ಬ್ರಿಟಿಷರ ಕಾಲದಿಂದ ಹಿಡಿದು ಪ್ರಪಂಚದ ವೈದ್ಯಕೀಯ ಕಾಲೇಜುಗಳಿಗೆ ಎಲುಬುಗೂಡು ಕಳಿಸುತ್ತಿದ್ದ ದೊಡ್ಡ ಮಾರುಕಟ್ಟೆ ನಮ್ಮ ಕಲ್ಕತ್ತ. 1985ರಲ್ಲಿ ಸರ್ಕಾರ ಈ ರಫ್ತನ್ನು ನಿಷೇಧಿಸುವವರೆಗೂ ಅದು ನಡೆಯಿತು. ಮೂಳೆಗಳು ಹೆಚ್ಚಾಗಿ ಬಡವರದ್ದು, ಕೇಳುವವರು ಇಲ್ಲದವರದ್ದು. ಲಂಡನ್ನು, ಶಿಕಾಗೋಗಳ ತರಗತಿಗಳಲ್ಲಿ ಟೋಪಿ ಹಾಕಿಸಿಕೊಂಡು, ಅಡ್ಡಹೆಸರು ಇಟ್ಟುಕೊಂಡು ನಿಂತಿದ್ದವರಲ್ಲಿ ಎಷ್ಟು ಜನ ಬಂಗಾಳ, ಬಿಹಾರದ ಕಡೆಯವರೋ. ನಮ್ಮ ರಿಪೀಟರ್ ನಿಜವಾದ ಮೂಳೆಯೇ, ಹಳದಿಗಟ್ಟಿತ್ತು. ಪ್ಲಾಸ್ಟಿಕ್ಕಿಗೆ ಆ ಬಣ್ಣ ಬರುವುದಿಲ್ಲ. ಕೆಲಸ ಕೊಟ್ಟರೆ ನಗು ಬರುತ್ತದೆ ಅಂತ ಮೇಲೆ ಬರೆದೆ. ಇಲ್ಲಿ ಬರುವುದಿಲ್ಲ. ಬದುಕಿದ್ದಾಗ ಕೂಲಿ ಮಾಡಿದವನು, ಸತ್ತ ಮೇಲೂ ಯಾರನ್ನೂ ಕೇಳದೆ ಸೇರಿಸಿಕೊಂಡ ಕೆಲಸದಲ್ಲಿ, ಸಂಬಳವಿಲ್ಲದೆ ನಿಂತಿದ್ದಾನೆ. ಚಿತ್ರದ ಮೂಳೆ ಯಾರದ್ದೂ ಅಲ್ಲ. ಲ್ಯಾಬಿನ ಮೂಳೆ ಯಾರದ್ದೋ.

ವ್ಯಾನ್ ಗೋ ಬರೆದ ಸಿಗರೇಟು ಸೇದುವ ಎಲುಬುಗೂಡನ್ನು ನೀವು ಎಲ್ಲಾದರೂ ನೋಡೇ ಇರುತ್ತೀರಿ, ಟೀ ಶರ್ಟಿನ ಮೇಲಾದರೂ. 1885–86ರ ಚಳಿಗಾಲದಲ್ಲಿ ಆಂಟ್ವರ್ಪಿನ ಕಲಾಶಾಲೆಗೆ ಸೇರಿದ್ದ. ಅಲ್ಲಿ ಅಂಗರಚನೆ ಕಲಿಯಲು ಎಲುಬುಗೂಡು ನೋಡಿ ಬರೆಯಬೇಕಿತ್ತು. ಇವನಿಗೆ ಆ ಪಾಠಗಳೆಲ್ಲ ಬೇಜಾರು. ಹಲ್ಲಿನ ಮಧ್ಯೆ ಒಂದು ಉರಿಯುವ ಸಿಗರೇಟು ಇಟ್ಟ, ಅಷ್ಟೇ. ನಮ್ಮ ಹಾಲ್ ಟಿಕೆಟ್ಟಿನ ಜಾತಿಯ ತಮಾಷೆ. ಇದರಲ್ಲಿ ಭಾರೀ ತತ್ವ ಹುಡುಕುವವರಿದ್ದಾರೆ. ನನಗೆ ಕಾಣುವುದು ಮಾತ್ರ ಮೂವತ್ತೆರಡರ ವಯಸ್ಸಿನಲ್ಲಿ ಹುಡುಗರ ಜೊತೆ ಬೆಂಚಿನಲ್ಲಿ ಕೂತ ಒಬ್ಬ ವಿದ್ಯಾರ್ಥಿಯ ಬೇಸರ.

ಮೆಕ್ಸಿಕೋದ ಹೊಸೆ ಗ್ವಾದಲೂಪೆ ಪೊಸಾದ ಕಥೆ ಬೇರೆಯೇ. 1852ರಲ್ಲಿ ಆಗ್ವಾಸ್ಕಾಲಿಯೆಂತೆಸ್ ಅನ್ನುವ ಊರಿನಲ್ಲಿ ಹುಟ್ಟಿದವನು. ಆಮೇಲೆ ಮೆಕ್ಸಿಕೋ ನಗರಕ್ಕೆ ಬಂದು, ವಾನೆಗಸ್ ಅರೊಯೊ ಅನ್ನುವ ಮುದ್ರಕನಿಗೆ ಅಚ್ಚಿನ ಚಿತ್ರ ಮಾಡಿಕೊಡುತ್ತಿದ್ದ. ಕೊಲೆ, ದರೋಡೆ, ಪವಾಡ, ಹಾಡು, ಎಲ್ಲದಕ್ಕೂ ಅಗ್ಗದ ಬಣ್ಣದ ಕಾಗದದಲ್ಲಿ ಒಂದು ಹಾಳೆ. ಬೀದಿಯಲ್ಲಿ ಚಿಲ್ಲರೆ ಕಾಸಿಗೆ ಮಾರಾಟ. ಅಲ್ಲಿ ನವೆಂಬರ್ ಆರಂಭದಲ್ಲಿ ಸತ್ತವರ ಹಬ್ಬ ಬರುತ್ತದೆ. ಆಗ ಬದುಕಿರುವವರ ಮೇಲೆ, ಅವರು ಸತ್ತೇಹೋದರು ಅನ್ನುವ ಹಾಗೆ ಅಣಕು ಪದ್ಯ ಬರೆಯುವ ರೂಢಿ. ಮಂತ್ರಿಯಿಂದ ಹಿಡಿದು ರೊಟ್ಟಿ ಮಾರುವವಳವರೆಗೆ ಯಾರನ್ನೂ ಬಿಡುವುದಿಲ್ಲ. ಪದ್ಯದ ಜೊತೆಗೆ ಪೊಸಾದನ ಎಲುಬುಗೂಡುಗಳು. ಸೈಕಲ್ ತುಳಿಯುವವು, ಕುಡಿದು ಕುಣಿಯುವವು, ಕುದುರೆ ಏರಿದವು. ಊರಿಗೆ ಕರೆಂಟಿನ ಟ್ರ್ಯಾಮ್ ಬಂದಾಗ ಅದಕ್ಕೂ ಒಂದು ಎಲುಬುಗೂಡಿನ ಹಾಳೆ.

ಎಲ್ಲರಿಗೂ ಗೊತ್ತಿರುವುದು ಒಂದೇ ಒಂದು. ಹೂವು, ಗರಿ ತುಂಬಿದ ಅಗಲವಾದ ಟೋಪಿ ಹಾಕಿದ ಹೆಂಗಸಿನ ಬುರುಡೆ. ಈಗ ಅವಳನ್ನು ಕತ್ರಿನಾ ಅನ್ನುತ್ತಾರೆ. ಕಾಫಿ ಕಪ್ಪು, ಮೊಬೈಲ್ ಕವರು, ಹೆಣ್ಣುಮಕ್ಕಳ ಮುಖದ ಮೇಕಪ್ಪು, ಎಲ್ಲಿ ನೋಡಿದರಲ್ಲಿ ಅವಳೇ. ಅವಳನ್ನು ಹೀಗೆ ಚೆಂದದ ಗೊಂಬೆ ಮಾಡಿರುವುದು ನನಗೆ ಸ್ವಲ್ಪ ಕಿರಿಕಿರಿ. ಪೊಸಾದ ಮಾಡಿದ್ದು ಕುಟುಕಲು. ತಮ್ಮ ಮೂಲನಿವಾಸಿ ಬೇರನ್ನು ಮುಚ್ಚಿಟ್ಟು, ಫ್ರೆಂಚ್ ಫ್ಯಾಷನ್ನಿನ ಟೋಪಿ ಹಾಕಿಕೊಂಡು ದೊರೆಸಾನಿಯರ ಹಾಗೆ ಮೆರೆಯುವ ಬಡ ಹೆಣ್ಣುಮಕ್ಕಳ ಅಣಕ ಅದು. ಟೋಪಿ ಯಾವುದಾದರೇನಮ್ಮ, ಕೆಳಗಿರುವುದು ಇದೇ ಅಲ್ವಾ, ಅಂತ. ಬಡವರ ಮೇಲೆ ಆ ಕುಟುಕು ಸರಿಯಾ ಅನ್ನುವುದು ಬೇರೆ ಪ್ರಶ್ನೆ. ನನಗೇನೋ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ.

ಪೊಸಾದ 1913ರ ಜನವರಿಯಲ್ಲಿ ಬಡತನದಲ್ಲೇ ಸತ್ತ. ಎಲ್ಲಕ್ಕಿಂತ ಕೆಳದರ್ಜೆಯ ಗುಂಡಿಯಲ್ಲಿ ಹೂತರು. ಕೆಲವು ವರ್ಷದ ಮೇಲೆ ಕೇಳಿಕೊಂಡು ಯಾರೂ ಬರಲಿಲ್ಲವೆಂದು ಮೂಳೆಗಳನ್ನು ತೆಗೆದು ಎಲ್ಲರ ಮೂಳೆ ಹಾಕುವ ಸಾಮೂಹಿಕ ಗುಂಡಿಗೆ ಸುರಿದರು. ಅಷ್ಟೊಂದು ಎಲುಬುಗೂಡುಗಳಿಗೆ ಟೋಪಿ, ಸೈಕಲ್ಲು, ಸಂಗಾತಿ ಕೊಟ್ಟವನ ಎಲುಬು ಯಾವುದು ಅಂತ ಈಗ ಯಾರಿಗೂ ಹೇಳಲು ಬರುವುದಿಲ್ಲ. 1947ರಲ್ಲಿ ಮೆಕ್ಸಿಕೋದ ಚಿತ್ರಕಾರ ದಿಯೆಗೋ ರಿವೆರಾ ಒಂದು ಹೋಟೆಲಿನ ಗೋಡೆಯ ಮೇಲೆ ದೊಡ್ಡ ಚಿತ್ರ ಬರೆದ. ಭಾನುವಾರ ಮಧ್ಯಾಹ್ನ ಪಾರ್ಕಿನಲ್ಲಿ ಸುತ್ತಾಡುವ ಜನ. ನಡುವೆ ಕತ್ರಿನಾ. ಪೊಸಾದ ಬರೀ ತಲೆ ಬರೆದಿದ್ದವಳಿಗೆ ರಿವೆರಾ ಪೂರ್ತಿ ಮೈ, ಉದ್ದನೆಯ ಉಡುಪು ಕೊಟ್ಟ. ಒಂದು ಕೈಯಲ್ಲಿ ಬಾಲಕ ರಿವೆರಾನ ಕೈ, ಇನ್ನೊಂದು ಕೈ ಪೊಸಾದನ ತೋಳಿನಲ್ಲಿ. 1985ರ ಭೂಕಂಪದಲ್ಲಿ ಆ ಹೋಟೆಲು ಹಾಳಾಯಿತು. ಗೋಡೆಯನ್ನು ಹಾಗೇ ಎತ್ತಿ ಸಾಗಿಸಿ, ಅದಕ್ಕೆಂದೇ ಒಂದು ಮ್ಯೂಸಿಯಂ ಕಟ್ಟಿದರು. ಗುಂಡಿಯಲ್ಲಿ ಕಳೆದುಹೋದವನು ಗೋಡೆಯ ಮೇಲೆ ಸೂಟು ಹಾಕಿಕೊಂಡು ನಿಂತಿದ್ದಾನೆ, ಪಕ್ಕದಲ್ಲಿ ಹೆಂಗಸು.

ನಮ್ಮಲ್ಲಿ ಇಂಥ ಎಲುಬುಗೂಡುಗಳು ಯಾಕೆ ಕಡಿಮೆ ಅಂತ ಯೋಚಿಸಿದ್ದೇನೆ. ಸುಡುವವರಿಗೆ ಅದರ ಆಕಾರವೇ ಕಣ್ಣಿಗೆ ಬೀಳುವುದಿಲ್ಲ. ಹೂಳುವವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅಗೆದು ತೆಗೆದು ಅಟ್ಟದ ಮೇಲೆ ಜೋಡಿಸುವ ರೂಢಿ ಇಲ್ಲ. ನಾನು ಮನೆಯವರ ಮೂಳೆ ಅಂತ ನೋಡಿದ್ದು ತಾತ ಹೋದಾಗ, ಒಂದು ಮಡಕೆಯಲ್ಲಿ. ಬಾಯಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡಲು ಬೆಂಗಳೂರಿನಿಂದ ಕಾರಿನಲ್ಲಿ ಹೊರಟಿದ್ದೆವು. ಮದ್ದೂರು ಬಂತು. ಎಲ್ಲರಿಗೂ ಹಸಿವು. ಕಾರು ನಿಲ್ಲಿಸಿದ್ದಾಯಿತು, ಇಳಿಯುವುದು ಹೇಗೆ? ಮಡಕೆಯನ್ನು ಹೋಟೆಲಿನೊಳಗೆ ಒಯ್ಯುವ ಹಾಗಿಲ್ಲ.

‘ಅಪ್ಪನ್ನ ಒಬ್ರನ್ನೇ ಬಿಟ್ಟು ಎಲ್ಲರೂ ಹೋಗೋದಾ?’ ಅಂದರು ಚಿಕ್ಕಪ್ಪ.

ಕೊನೆಗೆ ಸರದಿ ಮೇಲೆ ತಿನ್ನುವುದು ಅಂತಾಯಿತು. ಮೊದಲ ಸರದಿಗೆ ಇಳಿದ ಅತ್ತೆ ನಾಲ್ಕು ಹೆಜ್ಜೆ ಹೋದವರು ವಾಪಸ್ ಬಂದರು. ‘ಕಿಟಕಿ ಒಂದಿಷ್ಟು ಇಳಿಸಿಡೋ, ಬಿಸಿಲಿದೆ.’ ಯಾರಿಗೂ ಆಗ ನಗು ಬರಲಿಲ್ಲ. ಕಿಟಕಿ ಇಳಿಸಿದೆ. ತಾತನಿಗೆ ಮದ್ದೂರು ವಡೆ ಅಂದರೆ ಪ್ರಾಣ. ನಾನು ಕಾರಿನಲ್ಲಿ ಕೂತು ತಿಂದೆ, ಅವರ ಪಕ್ಕ.

ನಮ್ಮಲ್ಲೂ ಕಲ್ಲಿನಲ್ಲಿ ಎಲುಬುಗೂಡು ಇಲ್ಲವೇ ಇಲ್ಲ ಅಂತಲ್ಲ. ಬಾದಾಮಿಯ ಮೊದಲನೇ ಗುಹೆಗೆ ಹೋದವರು ಹದಿನೆಂಟು ಕೈಯ ಕುಣಿಯುವ ಶಿವನನ್ನು ನೋಡಿ, ಫೋಟೋ ತೆಗೆದು, ಮುಂದೆ ಹೋಗಿಬಿಡುತ್ತಾರೆ. ಒಳಗೆ ಅರ್ಧನಾರೀಶ್ವರನ ಪಕ್ಕ ನಂದಿಯ ಹತ್ತಿರ ಕೈಮುಗಿದು ನಿಂತವನನ್ನು ಒಮ್ಮೆ ನೋಡಿ. ಅವನು ಭೃಂಗಿ. ಆರನೇ ಶತಮಾನದ ಚಾಲುಕ್ಯ ಶಿಲ್ಪಿ ಮರಳುಗಲ್ಲಿನಲ್ಲಿ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಿ ಬಿಡಿಸಿದ್ದಾನೆ. ಕಥೆ ಗೊತ್ತಲ್ವಾ? ನಾನು ಶಿವನಿಗೆ ಮಾತ್ರ ಸುತ್ತು ಬರುವವನು, ಪಾರ್ವತಿಗೆ ಅಲ್ಲ ಅಂತ ಹಠ ಹಿಡಿದವನು. ಇಬ್ಬರೂ ಒಂದೇ ಮೈಯಾದರು. ಇವನು ದುಂಬಿಯಾಗಿ ನಡುವೆ ಕೊರೆದು ಹೋಗಲು ನೋಡಿದ. ಸರಿ, ಹೆಣ್ಣಿನಿಂದ ಬಂದ ರಕ್ತಮಾಂಸ ನಿನಗೆ ಬೇಡ ತಾನೇ ಅಂತ ದೇವಿ ಅದನ್ನು ಕಿತ್ತುಕೊಂಡಳು. ಬರೀ ಮೂಳೆಯಾಗಿ ನಿಲ್ಲಲಾರದೆ ಬಿದ್ದವನಿಗೆ ಶಿವ ಮೂರನೇ ಕಾಲು ಕೊಟ್ಟ. ಯುರೋಪಿನ ಎಲುಬುಗೂಡು ಎಲ್ಲರೂ ಸಾಯುತ್ತೀರಿ ಅನ್ನುತ್ತದೆ. ಭೃಂಗಿ ಹೇಳುವುದು ಅದನ್ನಲ್ಲ. ಅವನು ಸತ್ತೂ ಇಲ್ಲ. ಅತಿಯಾಗಿ ಹಠ ಮಾಡಿದವನ ಪಾಡು ಅದು, ಅಷ್ಟೇ. ಅದಕ್ಕೇ ಅವನನ್ನು ನೋಡಿದರೆ ಭಯ ಆಗುವುದಿಲ್ಲ, ನಮ್ಮ ಮನೆಯ ಯಾರೋ ಒಬ್ಬ ಹಟಮಾರಿ ಮಾವನ ನೆನಪಾಗುತ್ತದೆ.

ತಮಿಳು ಶಿವಭಕ್ತೆ ಕಾರೈಕಾಲ್ ಅಮ್ಮೈಯಾರ್ ತಾನಾಗಿಯೇ ಬೇಡಿ ಪಡೆದವಳು. ನನ್ನ ಚೆಲುವು ತೆಗೆದುಕೋ, ಪೇಯಿಯ, ಅಂದರೆ ದೆವ್ವದ, ರೂಪ ಕೊಡು ಅಂತ ಶಿವನನ್ನು ಕೇಳಿದಳಂತೆ. ಚೋಳರ ಕಾಲದ ಕಂಚಿನಲ್ಲಿ ಅವಳು ಎಲುಬು ಚಕ್ಕಳವಾಗಿ, ಜೋತ ಎದೆಯಲ್ಲಿ ಕೂತು, ಶಿವನ ಕುಣಿತಕ್ಕೆ ತಾಳ ಹಾಕುತ್ತಿದ್ದಾಳೆ. ನನಗೆ ಗೊತ್ತಿರುವ ಎಲುಬುಗೂಡುಗಳಲ್ಲಿ ಖುಷಿಯಾಗಿರುವುದು ಇವಳೊಬ್ಬಳೇ. ಕೈ ತುಂಬ ಕೆಲಸ, ಎದುರಿಗೆ ಬೇಕಾದವನು. ಇನ್ನೇನು ಬೇಕು?

ಹಾಸನದಿಂದ ಬೇಲೂರಿಗೆ ಹೋಗುವಾಗ ಸ್ವಲ್ಪ ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತ ಅನ್ನುವ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಅಲ್ಲಿದೆ. ನಾಲ್ಕು ಗರ್ಭಗುಡಿ. ಒಂದರಲ್ಲಿ ಕಾಳಿ. ಆ ಬಾಗಿಲಿನ ಎರಡೂ ಕಡೆ ಆಳೆತ್ತರದ ಎರಡು ಬೇತಾಳಗಳು ನಿಂತಿವೆ. ಬೇರೆ ಗುಡಿಗಳಲ್ಲಿ ಒಡವೆ ಹೇರಿಕೊಂಡ ದ್ವಾರಪಾಲಕರು ಇರುವ ಜಾಗ ಅದು. ಇಲ್ಲಿ ಪಕ್ಕೆಲುಬು, ಒಳಗೆ ಹೋದ ಹೊಟ್ಟೆ, ಕಡ್ಡಿ ಕಾಲು. ಮಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಣುವುದೇ ಇಲ್ಲ. ಕಂಡಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತೀರಿ. ಆಮೇಲೆ ಗೊತ್ತಾಗುತ್ತದೆ, ಇವರು ಹೆದರಿಸಲು ಬಂದವರಲ್ಲ, ಡ್ಯೂಟಿಯಲ್ಲಿದ್ದಾರೆ ಅಂತ.

2020ರ ನವೆಂಬರಿನಲ್ಲಿ ಒಳಗಿದ್ದ ಕಾಳಿಯ ವಿಗ್ರಹ ಒಡೆದು ಚೂರಾಗಿ ಬಿದ್ದಿತ್ತು. ಪೇಪರಿನಲ್ಲೆಲ್ಲ ಸುದ್ದಿಯಾಯಿತು. ಆಮೇಲೆ ಚೂರುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದರು. ಅದಾದ ಮೇಲೆ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಕುಟುಂಬ ನನಗಿಂತ ಮುಂದೆ ನಿಂತಿತ್ತು. ತಂದೆ ಈ ಕಥೆಯನ್ನೆಲ್ಲ ಮಗಳಿಗೆ ಹೇಳುತ್ತಿದ್ದರು. ಹತ್ತು ಹನ್ನೊಂದರ ಹುಡುಗಿ. ಬೇತಾಳಗಳನ್ನು ಮೇಲಿಂದ ಕೆಳಗೆ ನೋಡಿದಳು.

‘ಅಪ್ಪ, ಆವತ್ತು ಇವರಿಬ್ಬರೂ ಏನ್ ಮಾಡ್ತಿದ್ರು?’

‘ಅದನ್ನೇ ಎಲ್ಲರೂ ಕೇಳಿರ್ತಾರೆ ಪುಟ್ಟಿ.’

‘ಸಸ್ಪೆಂಡ್ ಮಾಡಲಿಲ್ವಾ?’

‘ಒಂಬೈನೂರು ವರ್ಷದ ಸರ್ವಿಸ್ಸಮ್ಮ. ಅಷ್ಟು ಸುಲಭವಾಗಿ ಮಾಡೋಕಾಗಲ್ಲ.’